ಖಾಲಿ ಚೌಕದಲ್ಲಿ ಏನಿದೆ?

ಡೊಂಬಿವಲಿಯ ನಮ್ಮ ಸೊಸೈಟಿಯ ಕಾಂಪೌಂಡ್ ಗೋಡೆ ಮೇ ತಿಂಗಳ ಕೊನೆಯವರೆಗೂ ಸುಟ್ಟ ರೊಟ್ಟಿಯ ಹಾಗೆ ಕಪ್ಪಗೆ, ಒಣಕಲಾಗಿ ನಿಂತಿರುತ್ತದೆ. ಜೂನ್‌ನಲ್ಲಿ ಒಂದು ರಾತ್ರಿ ಜೋರು ಮಳೆ ಸುರಿಯುತ್ತದೆ. ಬೆಳಿಗ್ಗೆ ಲೋಕಲ್ ಹಿಡಿಯಲು ಓಡುವವರು ಕಣ್ಣೆತ್ತಿದರೆ ಗೋಡೆಯೆಲ್ಲ ಹಸಿರು. "ಪಾಚಿ ಬಂತು ನೋಡಿ" ಅನ್ನುತ್ತಾರೆ ನಮ್ಮವರು. "ಶೇವಾಳ ಆಲಂ" ಅನ್ನುತ್ತಾರೆ ಮರಾಠಿ ನೆರೆಯವರು. ಸೆಕ್ರೆಟರಿ ಮಾತ್ರ ಏನೂ ಅನ್ನದೆ ವಾಟರ್‌ಪ್ರೂಫಿಂಗ್‌ನವನಿಗೆ ಫೋನ್ ಹಚ್ಚುತ್ತಾರೆ.

ಎಲ್ಲಿಂದ ಬಂತು? ಒಂದೇ ರಾತ್ರಿಯಲ್ಲಿ ಬಿದ್ದು, ಮೊಳೆತು, ಗೋಡೆ ತುಂಬ ಹರಡಿತೇ? ಪರೀಕ್ಷೆ ಮಾಡಲು ಮಳೆಗಾಲಕ್ಕೆ ಕಾಯಬೇಕಾಗಿಲ್ಲ. ಏಪ್ರಿಲ್‌ನಲ್ಲೇ ಆ ಕಪ್ಪು ಹೊಟ್ಟನ್ನು ಚಾಕುವಿನ ತುದಿಯಿಂದ ಕೆರೆದು ಒಂದು ಬಟ್ಟಲಿಗೆ ಹಾಕಿ, ನಾಲ್ಕು ಹನಿ ನೀರು ಚಿಮುಕಿಸಿ. ಚಹಾ ಕುದಿಸಿ ಸೋಸಿ ತರುವಷ್ಟರಲ್ಲಿ, ಚಾಪೆಯಂತೆ ಸುರುಳಿ ಸುತ್ತಿಕೊಂಡಿದ್ದ ಪುಟಾಣಿ ಎಲೆಗಳು ಬಿಚ್ಚಿಕೊಂಡು ಹಸಿರು ತೋರುತ್ತವೆ. ಪಶ್ಚಿಮ ಕರಾವಳಿಯ ಊರುಗಳ ಗೋಡೆಗಳಲ್ಲಿ ಸಾಮಾನ್ಯವಾಗಿ ಸಿಗುವ ಈ ಹಾವಸೆಗೆ ಸಸ್ಯಶಾಸ್ತ್ರಜ್ಞರು ಹಯೋಫಿಲಾ ಇನ್ವೊಲ್ಯೂಟಾ ಎಂದು ಹೆಸರಿಟ್ಟಿದ್ದಾರೆ. ‘ಇನ್ವೊಲ್ಯೂಟಾ’ ಅಂದರೆ ಒಳಕ್ಕೆ ಸುರುಳಿಯಾದದ್ದು. ಅದು ನಿನ್ನೆ ರಾತ್ರಿ ಬಂದದ್ದಲ್ಲ. ವರ್ಷವಿಡೀ ಅಲ್ಲೇ ಇತ್ತು. ನಾವು ನೋಡಿರಲಿಲ್ಲ, ಅಷ್ಟೇ.

‘ಇರಲಿಲ್ಲ’ ಬೇರೆ, ‘ನೋಡಿರಲಿಲ್ಲ’ ಬೇರೆ. ಒಂದು ಗೋಡೆಯ ಮಟ್ಟಿಗೆ ಇದು ತಮಾಷೆಯ ಮಾತು. ಇಡೀ ದೇಶದ ಹಾವಸೆ, ಕಲ್ಲುಹೂಗಳನ್ನು ಲೆಕ್ಕಕ್ಕೆ ತರಲು ಹೊರಟವರಿಗೆ ಇದೇ ದೊಡ್ಡ ತಲೆನೋವು.

ಎಲ್ಲಕ್ಕೂ ಒಂದೇ ಚೀಲ

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳೋಣ. ಬಚ್ಚಲಲ್ಲಿ ಕಾಲು ಜಾರಿಸುವ ಲೋಳೆ, ಗೋಡೆಯ ಮೇಲಿನ ಹಸಿರು ಮಕಮಲ್ಲು, ಮಾವಿನ ಮರದ ತೊಗಟೆಗೆ ಅಂಟಿದ ಬೂದು ಮಚ್ಚೆ, ಮೂರನ್ನೂ ನಾವು ಪಾಚಿ ಎಂಬ ಒಂದೇ ಚೀಲಕ್ಕೆ ತುರುಕುತ್ತೇವೆ. ಲೋಳೆ ನಿಜಕ್ಕೂ ಪಾಚಿ. ಹಸಿರು ಮಕಮಲ್ಲು ಹಾವಸೆ, ಅಂದರೆ ಮಾಸ್. ಅದಕ್ಕೆ ಕಾಂಡವಿದೆ, ಎಲೆಯಿದೆ. ನೀರು ಹೀರುವ ಬೇರು ಮಾತ್ರ ಇಲ್ಲ. ಬೂದು ಮಚ್ಚೆ ಲೈಕೆನ್.

ಲೈಕೆನ್ ನಿಮ್ಮ ಅಡುಗೆಮನೆಯಲ್ಲೇ ಇದ್ದೀತು. ಕಲ್ಯಾಣ್ ಪೇಟೆಯ ಕಿರಾಣಿ ಅಂಗಡಿಯಲ್ಲಿ ‘ದಗಡ್‌ಫೂಲ್’ ಎಂದು ಕೇಳಿದರೆ ಕೊಡುವ, ಮರಾಠಿಗರ ಗೋಡಾ ಮಸಾಲೆಗೂ ನಮ್ಮ ಉತ್ತರ ಕರ್ನಾಟಕದ ಮಸಾಲೆಗೂ ಬೀಳುವ ಕಲ್ಲುಹೂ ಒಂದು ಲೈಕೆನ್. ಪೇಟೆಗೆ ಬರುವ ಮಾಲಿನಲ್ಲಿ ಬಹುಪಾಲು ಹಿಮಾಲಯದ ಮರಗಳ ತೊಗಟೆಯಿಂದ ಕಿತ್ತದ್ದು, ಒಂದೇ ಪೊಟ್ಟಣದಲ್ಲಿ ನಾಲ್ಕಾರು ಪ್ರಭೇದ ಬೆರೆತದ್ದು. ಇಡೀ ಲೈಕೆನ್ ಗುಂಪನ್ನು ಇಲ್ಲಿ ಕಲ್ಲುಹೂ ಎಂದೇ ಕರೆಯುತ್ತೇನೆ.

ಕಲ್ಲುಹೂ ಒಂದು ಜೀವಿಯಲ್ಲ, ಒಂದು ಸಂಸಾರ. ಶಿಲೀಂಧ್ರ ಮನೆ ಕಟ್ಟುತ್ತದೆ. ಒಳಗೆ ಕೂತ ಪಾಚಿ ಬಿಸಿಲಿನಿಂದ ಅಡುಗೆ ಮಾಡುತ್ತದೆ. 1860ರ ದಶಕದ ಕೊನೆಯಲ್ಲಿ ಸ್ವಿಟ್ಜರ್‌ಲೆಂಡಿನ ಸೈಮನ್ ಶ್ವೆಂಡನರ್ ಹೀಗೆಂದಾಗ ಆ ಕಾಲದ ಲೈಕೆನ್ ಪಂಡಿತರು ಸಿಟ್ಟಾದರು. ತಾವು ಜೀವಮಾನವಿಡೀ ಒಂದೆಂದು ಎಣಿಸಿದ್ದು ಎರಡು ಎಂದರೆ ಯಾರಿಗೆ ತಾನೇ ಸಿಟ್ಟು ಬಾರದು?

ಗಾಳಿಯೇ ಊಟ

ಹಾವಸೆ, ಕಲ್ಲುಹೂ ಎರಡೂ ಗುಂಪಿಗೆ ಬೇರಿಲ್ಲ. ಮೈಮೇಲೆ ಮೇಣದ ದಪ್ಪ ಹೊದಿಕೆಯೂ ಇಲ್ಲ. ಮಾವಿನ ಎಲೆಗೆ ರೇನ್‌ಕೋಟ್ ಇದೆ, ಇವಕ್ಕಿಲ್ಲ. ಮಳೆ, ಮಂಜು, ಧೂಳು ಏನು ಬಿದ್ದರೂ ಮೈಯೆಲ್ಲ ಹೀರುತ್ತವೆ. ಹಾಗಾಗಿ ಗಾಳಿಯಲ್ಲಿ ವಿಷವಿದ್ದರೆ ಅದೂ ಒಳಗೆ ಹೋಗುತ್ತದೆ. ಮುಖ್ಯವಾಗಿ ಕಲ್ಲಿದ್ದಲು ಉರಿದಾಗ ಬರುವ ಗಂಧಕದ ಡೈಆಕ್ಸೈಡ್ ಸಂಸಾರದ ಅಡುಗೆಯವನಾದ ಪಾಚಿಯನ್ನು ಮೊದಲು ಕೊಲ್ಲುತ್ತದೆ. ಅಡುಗೆ ನಿಂತ ಮನೆ ಎಷ್ಟು ದಿನ ನಡೆದೀತು? 1866ರಲ್ಲೇ ವಿಲಿಯಂ ನೈಲಾಂಡರ್ ಪ್ಯಾರಿಸ್ಸಿನ ಲಕ್ಸಂಬರ್ಗ್ ಉದ್ಯಾನದ ಕಲ್ಲುಹೂಗಳನ್ನು ನೋಡಿ, ಇವು ಗಾಳಿಯ ಆರೋಗ್ಯ ಅಳೆಯುವ ಉಪಕರಣವಾಗಬಲ್ಲವು ಎಂದಿದ್ದರು.

ನಮ್ಮ ಕಡೆಯ ಗಾಳಿಯ ಚರಿತ್ರೆ ಎಲ್ಲರಿಗೂ ಗೊತ್ತು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2009ರಲ್ಲಿ ದೇಶದ ಕೈಗಾರಿಕಾ ಪ್ರದೇಶಗಳಿಗೆ ನೂರಕ್ಕೆ ಇಷ್ಟು ಎಂದು ಅಂಕ ಕೊಟ್ಟಾಗ ಡೊಂಬಿವಲಿಗೆ 78.41, ನವಿಮುಂಬಯಿಗೆ 73.77 ಬಂತು. ಶಾಲೆಯ ಪರೀಕ್ಷೆಯಾಗಿದ್ದರೆ ಪೇಡೆ ಹಂಚಬಹುದಿತ್ತು. ಇಲ್ಲಿ 70 ದಾಟಿದರೆ ‘ಅತಿ ಗಂಭೀರ ಮಾಲಿನ್ಯ’ ಎಂದು ಅರ್ಥ. 2014ರ ಜನವರಿಯಲ್ಲಿ ಡೊಂಬಿವಲಿಯಲ್ಲಿ ಹಸಿರು ಬಣ್ಣದ ಮಳೆ ಬಿದ್ದು ಸುದ್ದಿಯಾಯಿತು. 2020ರ ಫೆಬ್ರವರಿಯಲ್ಲಿ ಅಲ್ಲಿನ ಕೈಗಾರಿಕಾ ಪ್ರದೇಶವಾದ ಎಂಐಡಿಸಿಯ ಒಂದು ರಸ್ತೆ ಗುಲಾಬಿಯಾಯಿತು.

ಈಗ ಯಾರಾದರೂ ಭಾರತದ ಕಲ್ಲುಹೂ ನಕ್ಷೆ ತೆರೆದು, ಡೊಂಬಿವಲಿಯ ಜಾಗ ಖಾಲಿ ಇದೆ ಎಂದಿಟ್ಟುಕೊಳ್ಳಿ. ನಾಲಿಗೆಯ ತುದಿಗೆ ಬರುವ ಮಾತು ಒಂದೇ: "ನೋಡಿ, ರಾಸಾಯನಿಕದ ಹೊಗೆಗೆ ಎಲ್ಲ ಸತ್ತಿವೆ." ಸ್ವಲ್ಪ ತಡೆಯೋಣ.

ಸಸ್ಯವಿಜ್ಞಾನಿಗಳ ವಿಳಾಸದ ನಕ್ಷೆ

ಇಂಥ ನಕ್ಷೆ ಮಾಡುವ ಕ್ರಮ ಸರಳ. ನೆಲವನ್ನೆಲ್ಲ ಚೌಕಾಬಾರದ ಹಾಗೆ ಚೌಕಗಳಾಗಿ ಗೆರೆ ಎಳೆಯುವುದು; ಬ್ರಿಟನ್ನಿನಲ್ಲಿ ಹತ್ತು ಕಿಲೋಮೀಟರಿನ ಚೌಕ. ಒಂದು ಪ್ರಭೇದ ಒಂದು ಚೌಕದಲ್ಲಿ ಸಿಕ್ಕರೆ ಅಲ್ಲೊಂದು ಚುಕ್ಕೆ. ಚುಕ್ಕೆಯ ಅರ್ಥ ಸ್ಪಷ್ಟ: ಯಾರೋ ಹೋದರು, ನೋಡಿದರು, ಸಿಕ್ಕಿತು. ಖಾಲಿ ಚೌಕಕ್ಕೆ ಎರಡು ಅರ್ಥ. ಒಂದು, ಹೋದರು, ಹುಡುಕಿದರು, ಸಿಗಲಿಲ್ಲ. ಇನ್ನೊಂದು, ಯಾರೂ ಹೋಗಲೇ ಇಲ್ಲ. ನಕ್ಷೆಯಲ್ಲಿ ಎರಡೂ ಒಂದೇ ಬಿಳಿ.

ಹಾಗಾಗಿ ಎಚ್ಚರವಿಲ್ಲದೆ ಮಾಡಿದ ನಕ್ಷೆ ಹಾವಸೆಗಳ ನಕ್ಷೆಯಾಗದೆ ಹಾವಸೆ ಬಲ್ಲವರ ವಿಳಾಸಗಳ ನಕ್ಷೆಯಾಗಿಬಿಡುತ್ತದೆ. ನಮ್ಮಲ್ಲಿ ಈ ವಿದ್ಯೆ ಕೆಲವೇ ಊರುಗಳಲ್ಲಿ ಬೇರೂರಿತು. ಲಾಹೋರಿನಲ್ಲಿ ಶಿವರಾಮ ಕಶ್ಯಪ್ ಪಶ್ಚಿಮ ಹಿಮಾಲಯದ, ಹಾವಸೆಯ ಬಂಧುಗಳಾದ ಲಿವರ್‌ವರ್ಟ್‌ಗಳ ಮೇಲೆ 1929ರಲ್ಲಿ ಗ್ರಂಥ ತಂದರು. ಲಖನೌದಲ್ಲಿ ಧರಣೀಧರ ಅವಸ್ಥಿ ಕಲ್ಲುಹೂಗಳ ಅಧ್ಯಯನಕ್ಕೆ ಅಡಿಪಾಯ ಹಾಕಿದರು. ಅವರ ಸಂಗ್ರಹ ಈಗ ಅಲ್ಲಿನ ರಾಷ್ಟ್ರೀಯ ಸಸ್ಯಶಾಸ್ತ್ರ ಸಂಶೋಧನಾ ಸಂಸ್ಥೆಯಲ್ಲಿದೆ. ನಮಗೆ ಹತ್ತಿರದ ಪುಣೆಯ ಆಘಾರ್‌ಕರ್ ಸಂಸ್ಥೆಯಲ್ಲಿ ಪಿ. ಜಿ. ಪಟವರ್ಧನ್ ಮತ್ತು ಊರ್ಮಿಳಾ ಮಖೀಜಾ ಪಶ್ಚಿಮ ಘಟ್ಟದ ಕಲ್ಲುಹೂಗಳಿಗೆ ತಮ್ಮ ಆಯುಷ್ಯ ಮುಡಿಪಿಟ್ಟರು.

ಇವರೆಲ್ಲರ ದುಡಿಮೆಯಿಂದ ದೇಶದ ಹೆಸರುಪಟ್ಟಿ ಸಿದ್ಧವಾಗಿದೆ. ಬೊಟಾನಿಕಲ್ ಸರ್ವೇ ಆಫ್ ಇಂಡಿಯಾ 2010ರಲ್ಲಿ ತಂದ ಪಟ್ಟಿಯಲ್ಲಿ 2,300ಕ್ಕೂ ಹೆಚ್ಚು ಕಲ್ಲುಹೂ ಪ್ರಭೇದಗಳಿವೆ. ಹಾವಸೆ ಮತ್ತು ಅದರ ಬಂಧುಗಳು ಸುಮಾರು 2,500. ಆದರೆ ಹೆಸರುಪಟ್ಟಿಯೇ ದಾಖಲೆಕೋಶವಲ್ಲ. ಡೊಂಬಿವಲಿಯಲ್ಲಿ ಶೆಟ್ಟರಿದ್ದಾರೆ, ಪಾಟೀಲರಿದ್ದಾರೆ ಎಂದು ಹೇಳುವುದು ಒಂದು ಮಾತು. ಯಾವ ಬಿಲ್ಡಿಂಗ್, ಯಾವ ಮಾಳಿಗೆ, ಯಾವಾಗಿನಿಂದ ಎಂದು ಹೇಳುವುದು ಬೇರೆ.

ಹಳೆಯ ದಾಖಲೆ ಇದ್ದರೆ ಏನಾಗುತ್ತದೆ ಎಂಬುದಕ್ಕೆ ಕೋಲ್ಕತಾ ಸಾಕ್ಷಿ. ಹತ್ತೊಂಬತ್ತನೆಯ ಶತಮಾನದಲ್ಲಿ ಕುರ್ಜ್ ಎಂಬ ಸಸ್ಯವಿಜ್ಞಾನಿ ಅಲ್ಲಿಂದ ಕಳಿಸಿದ ಕಲ್ಲುಹೂಗಳನ್ನು ಬಿಡಿಸಿ ಬರೆದವರು ಅದೇ ಪ್ಯಾರಿಸ್ಸಿನ ನೈಲಾಂಡರ್. ಆ ಪಟ್ಟಿ ಉಳಿದಿತ್ತು. ಅದಕ್ಕೇ ಲಖನೌದ ಉಪ್ರೇತಿ ಮತ್ತು ಸಂಗಡಿಗರು 2005ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ, ಕೋಲ್ಕತಾದಲ್ಲಿ ಕಲ್ಲುಹೂಗಳು ಇನ್ನೂ ಬೆಳೆಯುತ್ತಿವೆಯೇ ಎಂದು ಕೇಳಲು ಸಾಧ್ಯವಾಯಿತು. ‘ಇನ್ನೂ’ ಎಂಬ ಆ ಒಂದು ಪದ ಹಾಕಲು ಹಿಂದೆ ಯಾರೋ ಬರೆದಿಟ್ಟಿರಬೇಕು. ಬೆಂಗಳೂರಿನ ಕಲ್ಲುಹೂಗಳ ಬಗ್ಗೆಯೂ, ಲಾಲ್‌ಬಾಗನ್ನು ಮುಖ್ಯವಾಗಿಟ್ಟುಕೊಂಡು, ಸಂಜೀವ ನಾಯಕ, ಉಪ್ರೇತಿ, ಮಾಧವ ಗಾಡ್ಗೀಳ್ ಮೊದಲಾದವರು 2003ರಲ್ಲಿ ಅದೇ ಪತ್ರಿಕೆಯಲ್ಲಿ ಬರೆದಿದ್ದಾರೆ.

ಪೊಟ್ಟಣದ ಮೇಲೆ ಬರೆದದ್ದು

ದಾಖಲೆಕೋಶಕ್ಕೆ ಮೊದಲ ಬಂಡವಾಳ ಹಳೆಯ ಪೊಟ್ಟಣಗಳು. ಹಾವಸೆ, ಕಲ್ಲುಹೂಗಳನ್ನು ಹೂಗಿಡದ ಹಾಗೆ ಹಾಳೆಗೆ ಅಂಟಿಸಿ ಇಡುವುದಿಲ್ಲ. ಕಿರಾಣಿ ಅಂಗಡಿಯವನು ಜೀರಿಗೆ ಕಟ್ಟಿಕೊಡುವಂತೆ ಕಾಗದ ಮಡಚಿ, ಒಳಗಿಟ್ಟು, ಮೇಲೆ ವಿವರ ಬರೆದರೆ ಮುಗಿಯಿತು. ನೂರು ವರ್ಷದ ನಂತರವೂ ಹನಿ ನೀರು ಬಿಟ್ಟರೆ ಎಲೆ ಬಿಚ್ಚಿಕೊಂಡು ಸೂಕ್ಷ್ಮದರ್ಶಕದಡಿ ಸರಿಯಾಗಿ ಕಾಣುತ್ತದೆ. ಜೀವ ಬರುವುದಿಲ್ಲ, ಆಕಾರ ಬರುತ್ತದೆ.

ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿರುವ ಬ್ಲಾಟರ್ ಹರ್ಬೇರಿಯಂ ಎಂಬ ಒಣಸಸ್ಯ ಸಂಗ್ರಹಕ್ಕೂ ನಮಗೂ ಒಂದು ನಂಟಿದೆ. ಮೊದಲ ಮಹಾಯುದ್ಧದ ಆಸುಪಾಸಿನಲ್ಲಿ ಬಾಂಬೆ ಪ್ರಾಂತದ ಅಧಿಕಾರಿ ಎಲ್. ಜೆ. ಸೆಜ್ವಿಕ್ ಮತ್ತು ಅರಣ್ಯಾಧಿಕಾರಿ ಟಿ. ಆರ್. ಡಿ. ಬೆಲ್ ಉತ್ತರ ಕನ್ನಡದ ಕಾಡುಗಳನ್ನು ಜಾಲಾಡಿ ಕೂಡಿಸಿದ ಸಸ್ಯಗಳು ಅಲ್ಲಿಗೆ ಸೇರಿವೆ. ಸೆಜ್ವಿಕ್ ಹಾವಸೆಗಳನ್ನೂ ಬಿಡಲಿಲ್ಲ. ಅವನ್ನು ಇಂಗ್ಲೆಂಡಿನ ಎಚ್. ಎನ್. ಡಿಕ್ಸನ್‌ಗೆ ಕಳಿಸುತ್ತಿದ್ದರು. ಡಿಕ್ಸನ್ ವೃತ್ತಿಯಿಂದ ಕಿವುಡ ಮಕ್ಕಳ ಮೇಷ್ಟ್ರು, ಹವ್ಯಾಸದಿಂದ ಹಾವಸೆಗಳ ಜಗತ್ಪ್ರಸಿದ್ಧ ಪಂಡಿತ. 1921ರಲ್ಲಿ ಅವರು ‘ಬಾಂಬೆಯ ಹಾವಸೆ’ಗಳ ಬಗ್ಗೆ ಲೇಖನ ಬರೆದರು. ಆಗಿನ ಬಾಂಬೆ ಅಂದರೆ ಕಾರವಾರ, ಧಾರವಾಡವೂ ಬಾಂಬೆಯೇ; 1956ರವರೆಗೆ ಹಾಗೇ ಇತ್ತು. ಶೀರ್ಷಿಕೆಯನ್ನಷ್ಟೇ ನಂಬಿ ಕಂಪ್ಯೂಟರಿಗೆ ಹಾಕಿದರೆ ಉತ್ತರ ಕನ್ನಡದ ಹಾವಸೆ ಚರ್ಚ್‌ಗೇಟಿನಲ್ಲಿ ಬೆಳೆದುಬಿಡುತ್ತದೆ.

ಹಳೆಯ ಪೊಟ್ಟಣದ ಮೇಲಿನ ಊರಿನ ಹೆಸರು ಇಂದಿನ ನಕ್ಷೆಯ ಬಿಂದುವಾಗುವುದು ಪತ್ತೇದಾರಿ ಕೆಲಸ. ‘ಥಾಣಾ’ ಎಂದು ಬರೆದಿದ್ದರೆ ಅದು ಊರೋ ಜಿಲ್ಲೆಯೋ? ಜಿಲ್ಲೆಯಾದರೆ, 2014ರಲ್ಲಿ ಒಡೆದು ಹೋದ ಪಾಲ್ಘರ್ ಕೂಡ ಅದರೊಳಗೇ ಇತ್ತು. ‘ನವಿಮುಂಬಯಿ’ ಎಂದು ಯಾವ ಹಳೆಯ ಪೊಟ್ಟಣದ ಮೇಲೂ ಇರಲಾರದು. ಅದನ್ನು ಕಟ್ಟಲು ಸಿಡ್ಕೊ ಹುಟ್ಟಿದ್ದೇ 1970ರಲ್ಲಿ. ‘ಬೇಲಾಪುರ’ ಎಂದಿದ್ದರೆ ಖಾಡಿಯ ದಡದ ಬೇಲಾಪುರವೋ ಆಗಿನ ಅಹಮದ್‌ನಗರ ಕಡೆಯದೋ? ಇನ್ನು ‘ಕಲ್ಯಾಣ’! ಮಧ್ಯ ರೈಲ್ವೆಯವರಿಗೆ ಅದು ಜಂಕ್ಷನ್. ಕನ್ನಡಿಗರಿಗೆ ಬಸವಣ್ಣನ ಕಲ್ಯಾಣ. ಎರಡರ ನಡುವೆ ಸಹ್ಯಾದ್ರಿಯೂ ಅರ್ಧ ದಖ್ಖನ್ನೂ ಇದೆ. ಇಲ್ಲಿ ಕೈಹಿಡಿಯುವುದು ಸಂಗ್ರಹಕಾರನ ಕ್ರಮಸಂಖ್ಯೆ ಮತ್ತು ತಾರೀಖು. ಹಿಂದಿನ ಪೊಟ್ಟಣವೂ ಮುಂದಿನ ಪೊಟ್ಟಣವೂ ಅದೇ ವಾರ ಖಂಡಾಳದಲ್ಲಿ ಹೆಕ್ಕಿದ್ದಾದರೆ, ನಡುವಿನದು ಬೀದರದಿಂದ ಬಂದಿರಲಾರದು.

ಬಿಂದು ಗುರುತಿಸಿದ ಮೇಲೂ ಅನುಮಾನವನ್ನು ಬರೆದಿಡಬೇಕು. ಅಕ್ಷಾಂಶ ರೇಖಾಂಶಗಳನ್ನು ಒಂದೇ ದಶಮಾಂಶಕ್ಕೆ ನಿಲ್ಲಿಸಿದರೆ ಡೊಂಬಿವಲಿ 19.2, 73.1. ಕಲ್ಯಾಣ್ ಕೂಡ 19.2, 73.1! ಬೆಳಿಗ್ಗೆ ಕಲ್ಯಾಣ್‌ನಿಂದ ಬರುವ ಲೋಕಲ್‌ಗೆ ಡೊಂಬಿವಲಿಯಲ್ಲಿ ಹತ್ತಿದವರಿಗೆ ಮಾತ್ರ ಗೊತ್ತು ಅವೆರಡೂ ಬೇರೆ ಬೇರೆ ಊರು ಎಂದು. ಎರಡನೆಯ ದಶಮಾಂಶ ಸೇರಿಸಿದರೆ ಒಂದು ಕಿಲೋಮೀಟರ್‌ವರೆಗೆ ಖಾತ್ರಿ, ನಾಲ್ಕನೆಯದಕ್ಕೆ ಸುಮಾರು ಹತ್ತು ಮೀಟರ್. ಅದಕ್ಕೇ ಬಿಂದುವಿನ ಸುತ್ತ ಒಂದು ‘ಅನುಮಾನದ ವೃತ್ತ’ ಎಳೆಯುತ್ತಾರೆ. ‘ಥಾಣಾ’ ಎಂದಷ್ಟೇ ಇದ್ದ ಪೊಟ್ಟಣಕ್ಕೆ ಹತ್ತಾರು ಕಿಲೋಮೀಟರಿನ ವೃತ್ತ. ಫೋನಿನ ಜಿಪಿಎಸ್ ನೋಡಿ ಬರೆದದ್ದಕ್ಕೆ ಅಂಗಳದಷ್ಟು.

ಊರಿನ ಹಾಗೆ ಸಸ್ಯದ ಹೆಸರೂ ಬದಲಾಗುತ್ತದೆ. ಲಿನೇಯಸ್ 1753ರಲ್ಲಿ ಎಲ್ಲ ಕಲ್ಲುಹೂಗಳನ್ನೂ ‘ಲೈಕೆನ್’ ಎಂಬ ಒಂದೇ ಕುಲಕ್ಕೆ ಸೇರಿಸಿದ್ದರು. ಆಮೇಲೆ ಮನೆ ಒಡೆಯುತ್ತಾ ಹೋಯಿತು. ಮಸಾಲೆಯ ಕಲ್ಲುಹೂ ಹಳೆಯ ಪೊಟ್ಟಣಗಳಲ್ಲಿ ಪಾರ್ಮೀಲಿಯ ಪರ್ಲೇಟಾ. ಈಗ ಪಾರ್ಮೊಟ್ರೀಮ ಪರ್ಲೇಟಮ್. ಮದುವೆಯಾಗಿ ಹೆಸರು ಬದಲಾದ ಹೆಣ್ಣುಮಗಳ ಹೆಸರು ತವರಿನ ರೇಷನ್ ಕಾರ್ಡಿನಲ್ಲೂ ಗಂಡನ ಮನೆಯದರಲ್ಲೂ ಉಳಿದ ಹಾಗೆ. ಎರಡೂ ಒಬ್ಬಳೇ ಎಂದು ಕಂಪ್ಯೂಟರಿಗೆ ಹೇಳಿಕೊಡದಿದ್ದರೆ ಜನಸಂಖ್ಯೆ ಸುಮ್ಮನೆ ಏರುತ್ತದೆ.

ಉಡುಪಿ ಹೋಟೆಲಿನ ಸೂತ್ರ

ಈಗ ಖಾಲಿ ಚೌಕಕ್ಕೆ ವಾಪಸ್ಸು ಬರೋಣ. ಹುಡುಕಿ ಸಿಗದಿದ್ದದ್ದು ಯಾವುದು, ಹುಡುಕದೇ ಬಿಟ್ಟದ್ದು ಯಾವುದು? ಹುಡುಕಿದವರು ಎಷ್ಟು ಹೊತ್ತು ಹುಡುಕಿದರೆಂದು ಬರೆದಿಡದಿದ್ದರೂ ಇದನ್ನು ಹೇಳಲು ಬರುತ್ತದೆಯೇ?

ಬರುತ್ತದೆ. ಥಾಣೆಯ ಒಂದು ಉಡುಪಿ ಹೋಟೆಲಿಗೆ ಇಬ್ಬರನ್ನು ಕಳಿಸಿ, ಏನೇನು ಸಿಗುತ್ತದೆ ಬರೆದುಕೊಂಡು ಬನ್ನಿ ಎಂದಿರಿ. ಒಬ್ಬ ತಂದ ಚೀಟಿಯಲ್ಲಿ ಎರಡೇ ಹೆಸರು: ಚಹಾ, ಬನ್ಸ್. ಇನ್ನೊಬ್ಬನ ಚೀಟಿಯಲ್ಲಿ ಇಡ್ಲಿ, ವಡೆ, ಸಾದಾ ದೋಸೆ, ಮಸಾಲೆ ದೋಸೆ, ಉಪ್ಪಿಟ್ಟು, ಶೀರಾ, ಬನ್ಸ್, ಕಾಫಿ, ಚಹಾ. ನೀರುದೋಸೆ ಇಬ್ಬರ ಚೀಟಿಯಲ್ಲೂ ಇಲ್ಲ. ಆ ಹೋಟೆಲಿನಲ್ಲಿ ನೀರುದೋಸೆ ಇಲ್ಲವೇ? ಮೊದಲನೆಯವನ ಮಾತು ನೀವು ನಂಬುವುದಿಲ್ಲ. ಅವನ ಚೀಟಿಯಲ್ಲಿ ಇಡ್ಲಿಯೇ ಇಲ್ಲವಲ್ಲ! ಉಡುಪಿ ಹೋಟೆಲಿಗೆ ಹೋಗಿ ಇಡ್ಲಿ ಕಾಣದವನು ಬಾಗಿಲಲ್ಲೇ ಚಹಾ ಕುಡಿದು ಬಂದಿದ್ದಾನೆ. ಎರಡನೆಯವನು ‘ಇಲ್ಲ’ ಎಂದರೆ ಅದಕ್ಕೆ ತೂಕವಿದೆ.

ಇಲ್ಲಿ ಇಡ್ಲಿ ಮಾಡಿದ ಕೆಲಸವೇ ಇಡೀ ವಿಧಾನದ ಗುಟ್ಟು. ಇಡ್ಲಿಯ ಸುದ್ದಿ ಯಾರಿಗೂ ಬೇಕಿರಲಿಲ್ಲ. ಆದರೆ ನೋಡಿದವನು ಎಷ್ಟು ನೋಡಿದ ಎಂದು ಅಳೆದುಕೊಟ್ಟದ್ದು ಅದು. ಬ್ರಿಟನ್ನಿನ ಮಾರ್ಕ್ ಹಿಲ್ 2012ರಲ್ಲಿ ಇದನ್ನೇ ಗಣಿತಕ್ಕೆ ಇಳಿಸಿದರು. ಅವರು ಸ್ವತಃ ಹಾವಸೆ ತಜ್ಞರು. 1991ರಿಂದ 1994ರ ನಡುವೆ ಮೂರು ಸಂಪುಟಗಳಲ್ಲಿ ಬಂದ ಬ್ರಿಟನ್–ಐರ್ಲೆಂಡ್ ಹಾವಸೆ ಅಟ್ಲಾಸಿನ ಸಂಪಾದಕರಲ್ಲೊಬ್ಬರು. ಅಲ್ಲಿ 1896ರಲ್ಲೇ ಹಾವಸೆ ವಿನಿಮಯ ಕ್ಲಬ್ ಎಂಬುದೊಂದು ಹುಟ್ಟಿ, ಸದಸ್ಯರು ಅಂಚೆಯಲ್ಲಿ ಪೊಟ್ಟಣ ಹಂಚಿಕೊಳ್ಳುತ್ತಿದ್ದರು. ಅಂಥ ಹವ್ಯಾಸಿಗಳ ರಾಶಿ ರಾಶಿ ದಾಖಲೆ ಇತ್ತು, ಯಾರು ಎಷ್ಟು ಹುಡುಕಿದರೆಂಬ ಲೆಕ್ಕ ಇರಲಿಲ್ಲ.

ಹಿಲ್ ಮಾಡಿದ್ದು ಇಷ್ಟು. ಒಂದು ಚೌಕ ತೆಗೆದುಕೊಳ್ಳಿ. ಅದರ ಸುತ್ತಮುತ್ತ, ಅದೇ ತರಹದ ಗಿಡಮರ ಇರುವ ನೆರೆಚೌಕಗಳನ್ನು ಗುಂಪು ಮಾಡಿ. ಆ ಗುಂಪಿನಲ್ಲಿ ಎಲ್ಲೆಲ್ಲೂ ಸಿಗುವ ಪ್ರಭೇದಗಳು ಅಳತೆಗೋಲು. ಅವೇ ನಮ್ಮ ಇಡ್ಲಿ, ವಡೆ. ನಿಮ್ಮ ಚೌಕದಲ್ಲಿ ಹತ್ತು ಅಳತೆಗೋಲಿನ ಪೈಕಿ ಒಂಬತ್ತು ದಾಖಲಾಗಿದ್ದರೆ ಹುಡುಕಾಟ ಚೆನ್ನಾಗಿ ನಡೆದಿದೆ. ಉಳಿದ ಯಾವುದೋ ಪ್ರಭೇದ ಕಾಣದಿದ್ದರೆ ಬಹುಶಃ ಅದು ಇಲ್ಲ. ಹತ್ತರಲ್ಲಿ ಎರಡೇ ಇದ್ದರೆ, ನೋಡಿದವರು ಬಸ್ಸು ಕಾಯುತ್ತಾ ಪಕ್ಕದ ಮರ ನೋಡಿದ್ದಾರೆ. ಆ ಚೌಕದ ‘ಇಲ್ಲ’ಗಳಿಗೆ ಬೆಲೆಯಿಲ್ಲ.

ಇದರಲ್ಲೊಂದು ಬಿಕ್ಕಟ್ಟಿದೆ. ಹೊಗೆಯಿಂದ ಅಳತೆಗೋಲುಗಳೇ ಸತ್ತಿದ್ದರೆ? ಆಗ ಪಾಪ, ಶ್ರದ್ಧೆಯಿಂದ ಹುಡುಕಿದವನೂ ಸೋಮಾರಿಯಂತೆ ಕಾಣುತ್ತಾನೆ. ಡೊಂಬಿವಲಿಯಂಥ ಊರಿಗೆ ಇದು ನೇರವಾಗಿ ತಾಗುವ ಮಾತು. ಅದಕ್ಕೇ ನೆರೆಚೌಕಗಳನ್ನು ಆರಿಸುವಾಗ ಡೊಂಬಿವಲಿಯನ್ನು ಮಾಥೇರಾನ್ ಬೆಟ್ಟಕ್ಕೆ ಹೋಲಿಸದೆ ಅದರಂಥದೇ ಊರಿಗೆ ಹೋಲಿಸಬೇಕು. ಅಳತೆಗೋಲಿಗೆ ಹೊಗೆ ತಡೆಯುವ ಗಟ್ಟಿ ಜೀವಿಗಳೂ ಸೇರಿರಬೇಕು. ನಮ್ಮ ಗೋಡೆಯ ಹಯೋಫಿಲಾ ಅಂಥದ್ದು. ಮಾವು, ತೆಂಗಿನ ತೊಗಟೆಗೆ ರೂಪಾಯಿ ನಾಣ್ಯದಂತೆ ಅಂಟುವ ಬೂದುಬಿಳಿ ಪಿಕ್ಸೀನ್ ಕೊಕೋಯಿಸ್ ಇನ್ನೊಂದು. ನಮ್ಮ ನಗರಗಳ ಗಾಳಿಗೆ ಅದು ಸುಲಭಕ್ಕೆ ಸೋಲುವುದಿಲ್ಲ. ಈ ಎರಡು ಒಂದು ಚೌಕದಲ್ಲಿ ಸಿಕ್ಕು, ನಾಜೂಕಿನ ಕಲ್ಲುಹೂಗಳು ಸಿಗದಿದ್ದರೆ ಆಗ ಗಾಳಿಯ ಬಗ್ಗೆ ಬಾಯಿ ಬಿಡಬಹುದು. ಈ ಎರಡೇ ಇಲ್ಲದಿದ್ದರೆ ಮೊದಲು ಯಾರಾದರೂ ಹೋಗಿ ನೋಡಿಕೊಂಡು ಬರಲಿ.

ಗಾಳಿ ಸುಧಾರಿಸಿದ್ದನ್ನೂ ಇದೇ ದಾರಿಯಲ್ಲಿ ಕಂಡುಕೊಳ್ಳುತ್ತಾರೆ. ಬ್ರಿಟನ್ನಿನಲ್ಲಿ ಗಂಧಕದ ಹೊಗೆ ಇಳಿದಂತೆ ನಾಜೂಕಿನ ಕಲ್ಲುಹೂಗಳು ಪೇಟೆಗಳಿಗೆ ಮರಳಿದವು. ಹೊಗೆಯಲ್ಲೇ ಕೊಬ್ಬಿ ಬೆಳೆದಿದ್ದ ಲೆಕನೋರ ಕೊನಿಜಿಯಾಯ್ಡಿಸ್ ಎಂಬುದು ಅಪರೂಪವಾಗುತ್ತಾ ಬಂತು. ಚುಕ್ಕೆಗಳ ಮೇಲೆ ತಾರೀಖು ಇದ್ದುದರಿಂದ ಇದು ತಿಳಿಯಿತು.

ನೋಟು ನೋಡುವ ದೀಪ

ದಾಖಲೆ ಕೂಡಿಸುವ ಜಾಗಗಳು ಈಗ ಇವೆ. 2001ರಲ್ಲಿ ಹುಟ್ಟಿದ ಜಾಗತಿಕ ಜೀವವೈವಿಧ್ಯ ಜಾಲ ಜಿಬಿಐಎಫ್, ನಮ್ಮಲ್ಲಿ 2008ರಿಂದ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್. ಬೊಟಾನಿಕಲ್ ಸರ್ವೇ 2022ರಲ್ಲಿ ತನ್ನ ಹರ್ಬೇರಿಯಂ ಹಾಳೆಗಳ ಚಿತ್ರಗಳನ್ನು ಎಲ್ಲರಿಗೂ ತೆರೆದಿಟ್ಟಿತು. ಇವುಗಳ ನಡುವೆ ಮಾಹಿತಿ ಹರಿದಾಡಲು ಡಾರ್ವಿನ್ ಕೋರ್ ಎಂಬ ಒಂದು ಒಪ್ಪಿತ ಕಲಮುಪಟ್ಟಿ ಇದೆ: ಏನು, ಎಲ್ಲಿ, ಯಾವಾಗ, ಯಾರು. ಅನುಮಾನದ ವೃತ್ತಕ್ಕೂ ಅದರಲ್ಲೊಂದು ಕಲಮು, ಹುಡುಕಾಟದ ಶ್ರಮಕ್ಕೊಂದು. ‘ಇದೆ’ ಅಥವಾ ‘ಇಲ್ಲ’ ಎಂದು ತುಂಬುವ ಕಲಮೂ ಇದೆ. ಬಹಳ ಜನ ಅದರಲ್ಲಿ ‘ಇದೆ’ ಮಾತ್ರ ತುಂಬುತ್ತಾರೆ. ಸಿಕ್ಕದ್ದರ ಫೋಟೋ ಹಾಕುವುದು ಖುಷಿಯ ಕೆಲಸ. ಸಿಗದ್ದರ ಫೋಟೋ ಹೇಗೆ ಹಾಕುವುದು?

ಫೋಟೋದಿಂದಲೇ ಎಲ್ಲವೂ ಆಗುವುದಿಲ್ಲ ಎಂಬುದು ಇನ್ನೊಂದು ಮಾತು. ಹುಲಿಯನ್ನು ಫೋಟೋದಲ್ಲಿ ಗುರುತಿಸಬಹುದು; ಕಲ್ಲುಹೂವನ್ನು ಹಲವು ಸಲ ಕ್ಷಾರದ ಹನಿ, ಬ್ಲೀಚಿನ ಹನಿ ಹಾಕಿ, ಬಣ್ಣ ತಿರುಗುತ್ತದೆಯೇ ನೋಡಿಯೇ ಹೇಳಬೇಕು. ಪಿಕ್ಸೀನ್ ಕೊಕೋಯಿಸ್‌ಗೆ ಒಂದು ಅಗ್ಗದ ಉಪಾಯವಿದೆ. ಅಂಗಡಿಯವರು ಖೋಟಾ ನೋಟು ಪತ್ತೆಗೆ ಇಟ್ಟುಕೊಳ್ಳುವ ಅತಿನೇರಳೆ ದೀಪವನ್ನು ಕತ್ತಲಲ್ಲಿ ಅದರ ಮೇಲೆ ಬಿಟ್ಟರೆ ಹಳದಿಯಾಗಿ ಹೊಳೆಯುತ್ತದೆ. ಅದರ ಮೈಯಲ್ಲಿ ಅಂಥದೊಂದು ರಾಸಾಯನಿಕ ಇದೆ.

ಕೆರೆದು ಪೊಟ್ಟಣ ಕಟ್ಟುವ ಹುರುಪಿನಲ್ಲಿ ಯೇವೂರ್ ಕಾಡಿಗೆ ಚಾಕು ಹಿಡಿದು ಹೋಗಬೇಡಿ. ಅದು ರಾಷ್ಟ್ರೀಯ ಉದ್ಯಾನದ ನೆಲ. 1060ರಲ್ಲಿ ಕಟ್ಟಿದ ಅಂಬರನಾಥದ ಶಿವಾಲಯದ ಕಲ್ಲನ್ನೂ ಕೆರೆಯುವಂತಿಲ್ಲ. ಸೊಸೈಟಿಯ ಗೋಡೆ ಸಾಕು, ಸೆಕ್ರೆಟರಿ ಹರಸುತ್ತಾರೆ.

ನಮ್ಮ ಗೋಡೆಯ ಹಾವಸೆ ಈಗ ಒಂದು ಪೊಟ್ಟಣದಲ್ಲಿದೆ. ಮೇಲೆ ಊರು, ಅಂಕಿ, ತಾರೀಖು, ‘ಸಿಮೆಂಟ್ ಗೋಡೆ, ಉತ್ತರ ಮುಖ’ ಎಂದು ಬರೆದಿದ್ದೇನೆ. ಕೆಳಗೆ ಇನ್ನೊಂದು ಸಾಲು: ಗೇಟಿನ ಪಕ್ಕದ ಮಾವಿನ ಮರ, ನೆಲದಿಂದ ಎರಡು ಮೀಟರ್‌ವರೆಗೆ, ಇಪ್ಪತ್ತು ನಿಮಿಷ, ದೀಪ ಹಿಡಿದು, ಪಿಕ್ಸೀನ್ ಇಲ್ಲ. ಅವತ್ತು ಸಂಜೆಗತ್ತಲಲ್ಲಿ ನೇರಳೆ ದೀಪ ಹಿಡಿದು ಮರದ ಸುತ್ತ ತಿರುಗುತ್ತಿದ್ದ ನನ್ನನ್ನು ವಾಚ್‌ಮನ್ ಬಹಳ ಹೊತ್ತು ಗಮನಿಸಿ, ಏನು ಕಳೆದುಕೊಂಡಿರಿ ಸಾಹೇಬ್ ಎಂದು ಕೇಳಿದ. ಬಿಳಿ ಮಚ್ಚೆ ಹುಡುಕುತ್ತಿದ್ದೇನೆ ಎಂದೆ. ಪಂಪ್ ರೂಮಿನ ಹಿಂದಿನ ತೆಂಗಿನ ಮರದ ತುಂಬ ಇದೆಯಲ್ಲ ಎಂದ. ಹನ್ನೊಂದು ವರ್ಷದಿಂದ ಇದೇ ಬಿಲ್ಡಿಂಗಿನಲ್ಲಿದ್ದೇನೆ; ಪಂಪ್ ರೂಮಿನ ಹಿಂದೆ ನಾನು ಹೋಗಿರಲೇ ಇಲ್ಲ.